ಸಮುದ್ರದಡಿಯ ಮನೆಯಲ್ಲಿ ವಿಜ್ಞಾನಿಗಳ ದಿನ ಹೇಗಿರುತ್ತದೆ?

ನೀರಿನ ಅಡಿಯಲ್ಲೇ ಮನೆ ಮಾಡಿಕೊಂಡಿರುವ ವಿಜ್ಞಾನಿಗಳು ದಿನವಿಡೀ ಏನು ಮಾಡುತ್ತಾರೆ, ಅಲ್ಲೇ ಯಾಕೆ ಇರಬೇಕು ಅಂತ ಕೇಳಿದ್ದೀರಿ. ನಾನು ಅಲ್ಲಿ ಉಳಿದವನಲ್ಲ. ಡೈವಿಂಗ್ ಹುಚ್ಚಿನಿಂದ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವನು. ನನಗೆ ಚೆನ್ನಾಗಿ ಗೊತ್ತಿರುವುದು ಅಮೆರಿಕದ ಫ್ಲೋರಿಡಾದಲ್ಲಿ, ಕೀ ಲಾರ್ಗೋ ಹತ್ತಿರ ಇರುವ ಅಕ್ವೇರಿಯಸ್, ಅದರದ್ದೇ ಹೇಳುತ್ತೇನೆ.

ಮೊದಲು ಯಾಕೆ ಅನ್ನುವುದು. ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದವರಿಗೆ ಗೊತ್ತಿರುತ್ತದೆ, ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮೇಲೆ ಹೋಗೋಣ ಅಂತ ಸನ್ನೆ ಬಂದಿರುತ್ತದೆ. ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ದೇಹದಲ್ಲಿ ಕರಗುತ್ತಾ ಹೋಗುತ್ತದೆ, ಅದು ಹೆಚ್ಚಾದ ಮೇಲೆ ನೇರ ಮೇಲೆ ಬರುವುದು ಅಪಾಯ. 60 ಅಡಿ ಆಳದಲ್ಲಿ ಹೆಚ್ಚೆಂದರೆ ಒಂದು ಗಂಟೆ ಇದ್ದು ನೇರ ಮೇಲೆ ಬರಬಹುದು, ಅಷ್ಟೇ. ಆದರೆ ಸುಮಾರು ಒಂದು ದಿನ ಅಲ್ಲೇ ಇದ್ದುಬಿಟ್ಟರೆ ದೇಹ ಹಿಡಿಯುವಷ್ಟು ನೈಟ್ರೋಜನ್ ಹಿಡಿದಾಗಿರುತ್ತದೆ. ಆಮೇಲೆ ಹತ್ತು ದಿನ ಇದ್ದರೂ ಅದನ್ನು ಹೊರಹಾಕಲು ಬೇಕಾದ ಸಮಯ ಜಾಸ್ತಿ ಆಗುವುದಿಲ್ಲ. ಅಕ್ವೇರಿಯಸ್ ನಿಂತಿರುವುದೇ ಈ ಲೆಕ್ಕದ ಮೇಲೆ. ಅಲ್ಲಿನವರು ದಿನಕ್ಕೆ ಎಂಟೊಂಬತ್ತು ಗಂಟೆ ಹವಳದ ನಡುವೆ ಕೆಲಸ ಮಾಡಬಲ್ಲರು.

ಮನೆ ಅಂದರೆ ಬಸ್ಸಿನಷ್ಟು ಉದ್ದದ ಉಕ್ಕಿನ ಕೊಳವೆ, 43 ಅಡಿ ಉದ್ದ, 9 ಅಡಿ ಅಗಲ. ಆರು ಜನ, ಹೆಚ್ಚಾಗಿ ನಾಲ್ವರು ವಿಜ್ಞಾನಿಗಳು ಮತ್ತು ಯಂತ್ರ ನೋಡಿಕೊಳ್ಳುವ ಇಬ್ಬರು. ಮಲಗಲು ಒಂದರ ಮೇಲೊಂದು ಮೂರು ಹಾಸಿಗೆ, ಅಂಥವು ಎರಡು ಸಾಲು. ಗಾಳಿ, ಕರೆಂಟು ಮೇಲೆ ತೇಲುವ ಬೋಯ್‌ನಿಂದ ಬರುತ್ತವೆ. ಬಾಗಿಲು ನೆಲದಲ್ಲಿರುವ ಒಂದು ತೂತು, ಕೆಲಸದ ದಿನಗಳಲ್ಲೆಲ್ಲ ತೆರೆದೇ ಇರುತ್ತದೆ. ಒಳಗಿನ ಗಾಳಿಗೂ ಹೊರಗಿನ ನೀರಿಗೂ ಒತ್ತಡ ಒಂದೇ, ಹಾಗಾಗಿ ನೀರು ಮೇಲೇರುವುದಿಲ್ಲ.

ಬೆಂಕಿ ಹಚ್ಚುವಂತಿಲ್ಲ, ಆದ್ದರಿಂದ ಒಗ್ಗರಣೆಯ ಮಾತೇ ಇಲ್ಲ. ಒಣಗಿಸಿದ ಊಟಕ್ಕೆ ಬಿಸಿನೀರು ಹಾಕಿ ತಿನ್ನುತ್ತಾರೆ, ಮೈಕ್ರೋವೇವ್ ಇದೆ. ಆ ಒತ್ತಡದಲ್ಲಿ ರುಚಿಯೂ ಸಪ್ಪೆ ಅನಿಸುತ್ತದಂತೆ, ಸಿಳ್ಳೆ ಹಾಕುವುದೂ ಕಷ್ಟವಂತೆ. ಸದಾ ತೇವ, ಹಾಗಾಗಿ ಕಿವಿಯ ಸೋಂಕು, ಚರ್ಮದ ತುರಿಕೆ ಮಾಮೂಲು. ಮಲವಿಸರ್ಜನೆಗೆ ಹಲವರು ಹೊರಗೇ ಈಜಿ ಹೋಗುತ್ತಾರೆ, ಮೀನುಗಳು ಮುತ್ತಿಕೊಳ್ಳುತ್ತವೆ.

ನನ್ನನ್ನು ಜಾಸ್ತಿ ತಟ್ಟಿದ್ದು ಬೇರೆ ವಿಷಯ. ಇವರಿಗೆ ಅಪಾಯ ಇರುವುದು ಆಳದಲ್ಲಲ್ಲ, ಮೇಲೆ. ಗಾಬರಿಯಾಗಿ ಥಟ್ಟನೆ ಮೇಲೆ ಈಜಿದರೆ ರಕ್ತದಲ್ಲಿ ಗುಳ್ಳೆಗಳೆದ್ದು ಸಾಯಬಹುದು. ಅದಕ್ಕೇ ಹವಳದುದ್ದಕ್ಕೂ ಹಗ್ಗ ಎಳೆದಿರುತ್ತಾರೆ, ಅದನ್ನು ಹಿಡಿದು ಹೋಗಿ ಅದನ್ನೇ ಹಿಡಿದು ಬರಬೇಕು. ಕೊನೆಯಲ್ಲಿ ಕೊಳವೆಯ ಬಾಗಿಲು ಮುಚ್ಚಿ, ಸುಮಾರು 16-17 ಗಂಟೆ ಒತ್ತಡವನ್ನು ನಿಧಾನವಾಗಿ ಇಳಿಸುತ್ತಾರೆ. ಅದು ಮುಗಿದ ಮೇಲೆ ಬಾಗಿಲು ತೆರೆಯಲು ಮತ್ತೆ ಒತ್ತಡ ಏರಿಸಿ, ತಡಮಾಡದೆ ಈಜಿ ಮೇಲೆ ಬರುತ್ತಾರೆ.

ಇಷ್ಟು ಕಷ್ಟ ಬೇಕಾ ಅಂದರೆ, ಬೇಕು ಅಂತಲೇ ನನ್ನ ಅಭಿಪ್ರಾಯ. 1970ರಲ್ಲಿ ವರ್ಜಿನ್ ದ್ವೀಪಗಳ ಟೆಕ್‌ಟೈಟ್ ಎಂಬ ಇಂಥದೇ ಮನೆಯಲ್ಲಿ ಸಮುದ್ರ ವಿಜ್ಞಾನಿ ಸಿಲ್ವಿಯಾ ಅರ್ಲ್ ಮುಂದಾಳಾಗಿ ಐವರು ಮಹಿಳೆಯರು ಎರಡು ವಾರ ಇದ್ದರು. ಅಲ್ಲಿದ್ದು ಅರ್ಲ್ ಒಂದೊಂದು ಮೀನನ್ನೂ ಬೇರೆ ಬೇರೆಯಾಗಿ ಗುರುತು ಹಿಡಿಯುವಂತಾದರು. ಗಂಟೆ ನೋಡಿಕೊಂಡು ಇಳಿದು ಹತ್ತುವವರಿಗೆ ಅದು ಹೇಗೆ ಸಾಧ್ಯ ಹೇಳಿ.