ಮೋಟರ್‌ಹೋಮ್ ನಿಲ್ಲಿಸಿದಾಗ ಅದನ್ನು ಎತ್ತಿ ಮಟ್ಟ ಮಾಡುವ ಹಳೆಯ ವಿದ್ಯುತ್ ಜ್ಯಾಕ್‌ಗಳು ಭಾರ ಬಿದ್ದ ಕೂಡಲೇ ನಿಲ್ಲುತ್ತಿವೆ. ಎಲ್ಲವನ್ನೂ ಕಿತ್ತು ಹೊಸದು ಹಾಕಿಸಬೇಕೇ?

ಕಿತ್ತು ಹಾಕಿಸಬೇಡಿ. ಮಲ್ಟಿಮೀಟರ್ ಹಿಡಿದು ಒಂದು ಭಾನುವಾರ ಗಾಡಿಯ ಜೊತೆ ಕಳೆಯುವವರೆಗಂತೂ ಬೇಡ.

ಹಿಂದಿನ ಎರಡು ಜ್ಯಾಕ್‌ಗಳು ನೆಲ ಮುಟ್ಟುವ ತನಕ ಸರಾಗವಾಗಿ ಇಳಿಯುತ್ತವೆ, ಆಮೇಲೆ ಮುಲುಗಿ ನಿಲ್ಲುತ್ತವೆ, ಪ್ಯಾನೆಲ್‌ನಲ್ಲಿ ಕೆಂಪು ದೀಪ ಮಿನುಗುತ್ತದೆ ಎಂದು ಬರೆದಿದ್ದೀರಿ. ಬ್ಯಾಟರಿ ಹೊಸದು. ಕಂಟ್ರೋಲ್ ಬೋರ್ಡ್ ಹೋಗಿದೆ, ಅದು ಈಗ ಸಿಗುವುದಿಲ್ಲ, ಹೈಡ್ರಾಲಿಕ್ ಹಾಕಿಸಿ ಎಂದು ಗ್ಯಾರೇಜಿನವರು ಹೇಳಿದ್ದಾರೆ. ನನ್ನ ಭಾವನ ಗಾಡಿಗೂ ಎರಡು ವರ್ಷದ ಹಿಂದೆ ಇದೇ ಮಾತು ಹೇಳಿದ್ದರು. ನಾನು ಬೆಂಗಳೂರಿನ ಪೀಣ್ಯದಲ್ಲಿ ಮೋಟರ್ ರಿವೈಂಡಿಂಗ್ ಕೆಲಸ ಮಾಡುವವನು. ಬೋರ್ಡನ್ನು ಮುಟ್ಟುವ ಮುನ್ನ ಮೋಟರಿನವರೆಗೆ ಎಷ್ಟು ವೋಲ್ಟ್ ಬರುತ್ತಿದೆ ಎಂದು ನೋಡುವುದು ನಮಗೆ ಅಭ್ಯಾಸ. ಆ ಒಂದು ಅಳತೆಯಲ್ಲೇ ಅರ್ಧ ಉತ್ತರ ಸಿಕ್ಕಿತು.

ಅಳತೆಯನ್ನು ಜ್ಯಾಕ್ ಭಾರ ತಳ್ಳುತ್ತಿರುವಾಗಲೇ ತೆಗೆಯಬೇಕು. ಸುಮ್ಮನೆ ನಿಂತಾಗ ತುಕ್ಕು ಹಿಡಿದ ಜೋಡಣೆಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಭಾವನ ಗಾಡಿಯಲ್ಲಿ ಮೋಟರ್ ಸುಮಾರು 40 ಆಂಪಿಯರ್ ಎಳೆಯುವಾಗ ಬ್ಯಾಟರಿಯಲ್ಲಿ 12.3 ವೋಲ್ಟ್ ಇತ್ತು, ಮೋಟರಿನ ತುದಿಯಲ್ಲಿ 9.1. ನಡುವೆ 3.2 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಮೋಟರಿನ ನೆಗೆಟಿವ್‌ಗೂ ಇಟ್ಟೆ: 1.9 ವೋಲ್ಟ್. ಅಂದರೆ ಕರೆಂಟು ಗಾಡಿಯ ಚೌಕಟ್ಟಿನ (ಷಾಸಿ) ಮೂಲಕ ಬ್ಯಾಟರಿಗೆ ಮರಳುವ ಅರ್ತ್ ದಾರಿಯೊಂದರಲ್ಲೇ ಅಷ್ಟು ನಷ್ಟ. ಷಾಸಿಗೆ ಬಿಗಿದ ಅರ್ತ್ ಬೋಲ್ಟಿನ ಲಗ್ (ವೈರಿನ ತುದಿಯ ಲೋಹದ ಉಂಗುರ) ಕೆಳಗೆ ಬಣ್ಣವೂ ತುಕ್ಕೂ ಸೇರಿ ಪದರ ಕಟ್ಟಿತ್ತು. 1.9 ವೋಲ್ಟನ್ನು 40 ಆಂಪಿಯರ್‌ನಿಂದ ಗುಣಿಸಿದರೆ 76 ವ್ಯಾಟ್. ಅಷ್ಟೂ ಆ ಬೋಲ್ಟಿನ ಸುತ್ತ ಬಿಸಿಯಾಗಿ ಹೋಗುತ್ತಿತ್ತು. ಲಗ್ ಮುಟ್ಟಿದರೆ ಬೆರಳು ಸುಡುತ್ತಿತ್ತು.

ಉಳಿದುದರಲ್ಲಿ ಹೆಚ್ಚಿನ ಪಾಲು ವೈರಿನದು. ಮುಂದಿನ ಬ್ಯಾಟರಿಯಿಂದ ಹಿಂದಿನ ಜ್ಯಾಕ್‌ಗೆ ಎಂಟು ಮೀಟರ್ ಉದ್ದಕ್ಕೂ 6 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದ್ದರು. 40 ಆಂಪಿಯರ್ ಹರಿದರೆ ಅದರಲ್ಲೇ ಹತ್ತಿರ ಹತ್ತಿರ 1 ವೋಲ್ಟ್ ಕುಸಿಯುತ್ತದೆ. 16 ಚದರ ಮಿಲಿಮೀಟರ್ ಹಾಕಿದಾಗ ಅದು 0.4ಕ್ಕಿಂತ ಕೆಳಗೆ ಬಂದಿತು. ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಹಲ್ಲು ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಜ್ಯಾಕ್ ಗಾಡಿಯನ್ನು ಎತ್ತಿ ನಿಲ್ಲಿಸಿತು, ಕೆಂಪು ದೀಪ ಮಿನುಗಲಿಲ್ಲ. ಸತ್ತಿದೆ ಎಂದಿದ್ದ ಬೋರ್ಡ್ ತನ್ನ ಕೆಲಸವನ್ನೇ ಮಾಡುತ್ತಿತ್ತು: ವೋಲ್ಟೇಜ್ ಕುಸಿದಾಗ ಮೋಟರನ್ನು ನಿಲ್ಲಿಸುತ್ತಿತ್ತು.

ಆಂಪಿಯರ್ ನೋಡಲು ಸಾಮಾನ್ಯ ಮಲ್ಟಿಮೀಟರನ್ನು ಸಾಲಿನ ನಡುವೆ ಸಿಕ್ಕಿಸಬೇಡಿ. ಅದರ ಮಿತಿ ಸಾಮಾನ್ಯವಾಗಿ 10 ಆಂಪಿಯರ್. ಅದಕ್ಕೆ ವೈರನ್ನು ಹೊರಗಿನಿಂದ ಸುತ್ತಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದನ್ನು ಕೊಳ್ಳುವಾಗ ಡಿ.ಸಿ. ಅಳೆಯುತ್ತದೆಯೇ ಎಂದು ಕೇಳಿ. ಅಗ್ಗದ ಎಷ್ಟೋ ಮೀಟರ್‌ಗಳು ಎ.ಸಿ. ಮಾತ್ರ ತೋರಿಸುತ್ತವೆ.

ವೋಲ್ಟೇಜ್ ಸರಿಯಾಗಿ ಬಂದರೂ ಜ್ಯಾಕ್ ಗಾಡಿಯನ್ನು ಎತ್ತದಿದ್ದರೆ ಮೋಟರ್ ಬಿಚ್ಚಬೇಕು. ಬಿಚ್ಚುವ ಮೊದಲು ಗಾಡಿಯ ಭಾರವನ್ನು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಸಾದಾ ಸ್ಕ್ರೂ ಇರುವ ಜ್ಯಾಕ್ ಸಾಮಾನ್ಯವಾಗಿ ತಾನಾಗಿಯೇ ಹಿಡಿದು ನಿಲ್ಲುತ್ತದೆ. ಒಳಗೆ ಗುಂಡುಗಳು ಉರುಳುವ ಬಾಲ್ ಸ್ಕ್ರೂ ಹಾಗಲ್ಲ, ಜ್ಯಾಕಿನ ಬ್ರೇಕ್ ಬಿಡಿಸಿದರೆ ಜಾರುತ್ತದೆ. ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ, ಎಂದಿಗೂ, ತಲೆ ಹಾಕಬಾರದು.

ಮೋಟರಿನ ಒಳಗೆ ಹೆಚ್ಚಾಗಿ ಸವೆದಿರುವುದು ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟು ಕೊಡುವ ತುಂಡು. ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ: ಅಳತೆ ಹೊಂದುತ್ತದೆ ಎಂದು 230 ವೋಲ್ಟಿನ ಡ್ರಿಲ್ ಯಂತ್ರದ ಕಾರ್ಬನ್ನನ್ನು ಉಜ್ಜಿ ಕೂರಿಸುತ್ತಾರೆ. ಅದರ ರೋಧ ಹೆಚ್ಚು, 12 ವೋಲ್ಟಿಗೆ ಹೊಂದುವುದಿಲ್ಲ. ತಾಮ್ರ ಬೆರೆತ, ಕೆಂಪು ಛಾಯೆಯ ಬ್ರಷ್ ಬೇಕು. ಸ್ಟಾರ್ಟರ್ ಮೋಟರಿನ ಬ್ರಷ್ ಆ ಜಾತಿಯದು, ಜೆ.ಸಿ. ರಸ್ತೆಯಲ್ಲಿ ದೊಡ್ಡದನ್ನು ತಂದು ಅಳತೆಗೆ ಉಜ್ಜಿಕೊಳ್ಳಬಹುದು. ಬ್ರಷ್ ಉಜ್ಜುವ ತಾಮ್ರದ ಉರುಳೆಯ (ಕಮ್ಯುಟೇಟರ್) ಮೇಲೆ ಎಮರಿ ಕಾಗದ ಬೇಡ, ಅದರ ಪುಡಿ ಸಂದುಗಳಲ್ಲಿ ಉಳಿದು ಕಾಟ ಕೊಡುತ್ತದೆ. ನಯವಾದ ಉಪ್ಪುಕಾಗದ ಸಾಕು. ಗೇರ್ ಪೆಟ್ಟಿಗೆಯ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ತುಂಬಿ.

ಬೋರ್ಡ್ ನಿಜವಾಗಿಯೂ ಹೋಗಿದ್ದರೆ? ಮೊದಲು ಅದರ ಮೇಲಿನ ರಿಲೇಗಳ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್‌ಗಳ) ಕಾಲುಗಳ ಬೆಸುಗೆ ನೋಡಿ. ವರ್ಷಗಟ್ಟಲೆ ಅದುರಿ ಅಲ್ಲಿ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಮತ್ತೆ ಬೆಸೆದರೆ ಸಾಕಾಗಬಹುದು. ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಿಸಿ. ಅದರಿಂದಲೂ ಆಗದಿದ್ದರೆ ತಾನಾಗಿ ಮಟ್ಟ ಹಿಡಿಯುವ ಸೌಲಭ್ಯವನ್ನು ಬಿಟ್ಟುಕೊಡಿ, ಜ್ಯಾಕ್‌ಗಳನ್ನು ಉಳಿಸಿಕೊಳ್ಳಿ. ಜೀಪುಗಳ ವಿಂಚ್‌ಗೆ (ಹಗ್ಗ ಎಳೆಯುವ ಯಂತ್ರಕ್ಕೆ) ಹಾಕುವ, ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಜ್ಯಾಕಿಗೊಂದು, ಕೈ ಬಿಟ್ಟರೆ ತಾನೇ ನಡುವಿಗೆ ಮರಳುವ ಸ್ವಿಚ್ ಒಂದು, ಪ್ರತಿ ಮೋಟರಿಗೂ ಪ್ರತ್ಯೇಕ ಬ್ರೇಕರ್. ಗಾಡಿಯ ನೆಲದ ಮೇಲೆ ಗಾರೆ ಕೆಲಸದವರ ರಸಮಟ್ಟವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿದರೆ ಐದು ನಿಮಿಷದ ಕೆಲಸ. ನಿಮ್ಮಲ್ಲಿ ಗ್ಯಾಸಿನಲ್ಲಿ ನಡೆಯುವ ಅಮೋನಿಯಾ ಫ್ರಿಜ್ ಇದ್ದರೆ ಮಾತ್ರ ಮಟ್ಟದ ವಿಷಯದಲ್ಲಿ ರಾಜಿ ಬೇಡ. ಗಾಡಿ ವಾಲಿದ್ದರೆ ದ್ರವ ಸರಿಯಾಗಿ ಹರಿಯದೆ ಫ್ರಿಜ್ ಹಾಳಾಗುತ್ತದೆ.

ಬೋರ್ಡ್ ತೆಗೆದಾಗ ಅದರ ಜೊತೆ ಹೋಗುವ ಒಂದು ಕಾವಲನ್ನು ಕೈಯಾರೆ ಮತ್ತೆ ಕಟ್ಟಿಕೊಡಲೇಬೇಕು: ಜ್ಯಾಕ್ ಇಳಿದಿರುವಾಗ ಗಾಡಿ ಚಲಿಸದಂತೆ ಎಚ್ಚರಿಸುವುದು. ಪ್ರತಿ ಜ್ಯಾಕ್ ಪೂರ್ತಿ ಮೇಲೆ ಬಂದಾಗ ಒತ್ತುವ ಲಿಮಿಟ್ ಸ್ವಿಚ್, ಇಗ್ನಿಷನ್ ಹಾಕಿದಾಗ ಯಾವುದೊಂದು ಕೆಳಗಿದ್ದರೂ ಕಿರುಚುವ ಬಜರ್. ಇದಿಲ್ಲದೆ ಹೊರಟ ಗಾಡಿಯೊಂದರ ಜ್ಯಾಕ್ ಮೊದಲ ರಸ್ತೆ ಉಬ್ಬಿಗೇ ಬಡಿದು ಬುಡ ಸಮೇತ ಮುರಿದದ್ದನ್ನು ನಾನು ನೋಡಿದ್ದೇನೆ. ಹಾಗೆಯೇ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಬೇಡಿ. ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಆ ಚಕ್ರಗಳನ್ನೇ. ಅವು ಗಾಳಿಯಲ್ಲಿದ್ದರೆ ಗಾಡಿಯನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲ. ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಪ್ರತಿ ಜ್ಯಾಕಿನ ಅಡಿಗೂ ದಪ್ಪ ಹಲಗೆ ಇರಲಿ.

ಜ್ಯಾಕ್ ಭಾರ ತಳ್ಳುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಮೋಟರಿನಲ್ಲಿ ಎಷ್ಟು, ಎರಡರ ನೆಗೆಟಿವ್‌ಗಳ ನಡುವೆ ಎಷ್ಟು, ಈ ಮೂರನ್ನು ಅಳೆದು ಇಲ್ಲಿ ಬರೆಯಿರಿ. ವೈರಿನ ದಪ್ಪವನ್ನೂ ತಿಳಿಸಿದರೆ ಮುಂದೆ ಯಾವುದನ್ನು ಬಿಚ್ಚಬೇಕೆಂದು ಹೇಳುತ್ತೇನೆ.