ಕೋಬಾಲ್ಟ್ ಷೇರು ಕೊಳ್ಳಲೇ ಎಂದು ಕೇಳುವವರಿಗೆ

ಆಫ್ರಿಕಾದ ಗಣಿಗಳ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ. ಹೆಸರು, ಊರು ಬೇರೆ. ಒಕ್ಕಣೆ ಮಾತ್ರ ಬದಲಾಗುವುದಿಲ್ಲ. ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಡಿಮ್ಯಾಟ್ ಖಾತೆ, ವಿದೇಶಿ ಷೇರಿನ ತೆರಿಗೆ ಇತ್ಯಾದಿಗಳನ್ನು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ನಾನು ಅದಿರು ಕರಗಿಸುವ ಕೆಲಸದವನು.

ಪ್ರಶ್ನೆ: ವಿದ್ಯುತ್ ಕಾರುಗಳು ಹೆಚ್ಚುತ್ತಿವೆ, ಬ್ಯಾಟರಿಗೆ ಕೋಬಾಲ್ಟ್ ಬೇಕು, ಕೋಬಾಲ್ಟ್ ಇರುವುದು ಕಾಂಗೋದಲ್ಲಿ. ಹಾಗಾದರೆ ಬೆಲೆ ಏರಲೇಬೇಕಲ್ಲವೇ? ಅಲ್ಲಿ ಗಣಿ ಇರುವ ಸಣ್ಣ ಕಂಪನಿಯೊಂದರ ಷೇರು ಕೊಳ್ಳುವಂತೆ ಟೆಲಿಗ್ರಾಂ ಗುಂಪಿನಲ್ಲಿ ಹೇಳುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ. ಆ ಗುಂಪಿನಿಂದ ಇವತ್ತೇ ಹೊರಬನ್ನಿ.

ಇದೇ ಮಾತನ್ನು 2018ರಲ್ಲೂ ಹೇಳುತ್ತಿದ್ದರು. ಆ ವರ್ಷ ಟನ್ನಿಗೆ 90,000 ಡಾಲರ್ ದಾಟಿದ್ದ ಕೋಬಾಲ್ಟ್ ಮರುವರ್ಷ ಅದರ ಮೂರನೇ ಒಂದು ಭಾಗಕ್ಕೆ ಬಿತ್ತು. 2022ರಲ್ಲಿ ಮತ್ತೆ 80,000 ಮುಟ್ಟಿತು; 2025ರ ಫೆಬ್ರುವರಿಯಲ್ಲಿ 21,000ದ ಸುತ್ತ ಬಂದು ನಿಂತಿತು. ಈ ಅವಧಿಯ ಉದ್ದಕ್ಕೂ ವಿದ್ಯುತ್ ಕಾರುಗಳ ಮಾರಾಟ ಏರುತ್ತಲೇ ಇತ್ತು. ‘ಏರಲೇಬೇಕು’ ಎನ್ನುವ ಸಲಹೆಗಾರ ಇದಕ್ಕೆ ಏನು ವಿವರಣೆ ಕೊಡುತ್ತಾನೆ, ಕೇಳಿ ನೋಡಿ.

ವಿವರಣೆ ನೆಲದಡಿಯಲ್ಲೇ ಇದೆ. ಜಗತ್ತಿನ ಕೋಬಾಲ್ಟ್‌ನಲ್ಲಿ ಶೇ 70ಕ್ಕಿಂತ ಹೆಚ್ಚು ಕಾಂಗೋದಿಂದ ಬರುತ್ತದೆ ನಿಜ. ಆದರೆ ಕೊಲ್ವೆಜಿ, ಫುಂಗುರುಮೆ ಸುತ್ತಿನ ದೊಡ್ಡ ಗಣಿಗಳು ನಡೆಯುವುದು ತಾಮ್ರಕ್ಕಾಗಿ. ಕೋಬಾಲ್ಟ್ ಅದರ ಜೊತೆಗೆ ಬರುವ ಉಪ ಉತ್ಪನ್ನ. ಬೆಣ್ಣೆಗೆಂದು ಕಡೆಯುವವರು ಮಜ್ಜಿಗೆಯ ಬೆಲೆ ಬಿತ್ತೆಂದು ಕಡೆಯುವುದನ್ನು ನಿಲ್ಲಿಸುವುದಿಲ್ಲ. ತಾಮ್ರಕ್ಕೆ ಒಳ್ಳೆಯ ಬೆಲೆ ಇದ್ದಷ್ಟು ದಿನ ಕೋಬಾಲ್ಟ್ ಬೇಡವೆಂದರೂ ಹೊರಬರುತ್ತದೆ. ಚೀನಾದ ಸಿಎಂಒಸಿ ಕಂಪನಿ 2023ರಲ್ಲಿ ಸುಮಾರು 55,000 ಟನ್ ಕೋಬಾಲ್ಟ್ ತೆಗೆದಿತ್ತು. ಬೆಲೆ ಕುಸಿಯುತ್ತಲೇ ಇದ್ದ 2024ರಲ್ಲಿ ಅದು 1,14,000 ಟನ್ ತೆಗೆಯಿತು. ಬೇಡಿಕೆಯ ಲೆಕ್ಕವನ್ನಷ್ಟೇ ಇಟ್ಟುಕೊಂಡು ಷೇರು ಕೊಂಡವರು ಇಲ್ಲಿಯೇ ಮುಗ್ಗರಿಸಿದರು.

ಇನ್ನು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟ್ ಒಂದು ಗ್ರಾಮೂ ಇಲ್ಲ. 2024ರಲ್ಲಿ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಅಂಥವೇ. ನಮ್ಮ ರಸ್ತೆಯ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಓಡುವುದೂ ಅದರಿಂದಲೇ. ಬೀದಿಯಲ್ಲಿ ಹೋಗುವ ವಿದ್ಯುತ್ ಕಾರುಗಳನ್ನು ಎಣಿಸಿ ಕೋಬಾಲ್ಟ್ ಬೆಲೆ ಹೇಳುವವರಿಗೆ ಬ್ಯಾಟರಿಯ ಒಳಗೇನಿದೆ ಎಂಬುದೇ ಗೊತ್ತಿಲ್ಲ.

ಗಣಿ ಹಿಡಿದವನು ಏನನ್ನು ಮಾರುತ್ತಾನೆ ಎಂಬುದನ್ನೂ ತಿಳಿದುಕೊಳ್ಳಿ. ಪುಡಿ ಮಾಡಿದ ಅದಿರನ್ನು ಗಂಧಕಾಮ್ಲದಲ್ಲಿ ಕರಗಿಸುತ್ತೇವೆ. ಮೊದಲು ತಾಮ್ರವನ್ನು ಬೇರ್ಪಡಿಸಿ, ವಿದ್ಯುತ್ ಹರಿಸಿ ತಗಡಾಗಿ ಕೂಡಿಸುತ್ತೇವೆ. ಈ ತಗಡು ನೇರವಾಗಿ ಮಾರುಕಟ್ಟೆಗೆ ಹೋಗುವಷ್ಟು ಶುದ್ಧ. ಉಳಿದ ದ್ರಾವಣದಿಂದ ಕಬ್ಬಿಣ, ಮ್ಯಾಂಗನೀಸ್ ತೆಗೆದು ಮೆಗ್ನೀಷಿಯಾ ಹಾಕಿದಾಗ ತಳಕ್ಕಿಳಿಯುವುದು ಕೋಬಾಲ್ಟ್ ಹೈಡ್ರಾಕ್ಸೈಡ್. ಫಿಲ್ಟರ್ ಪ್ರೆಸ್ಸಿನ ಬಟ್ಟೆಗಳ ನಡುವಿನಿಂದ ಅದು ಒದ್ದೆ ಹೆಂಟೆಗಳಾಗಿ ಬೀಳುತ್ತದೆ. ಒಣ ತೂಕದಲ್ಲಿ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ಕೋಬಾಲ್ಟ್. ಅದನ್ನು ದೊಡ್ಡ ಚೀಲಗಳಲ್ಲಿ ತುಂಬಿ ಲಾರಿಗೆ ಹೇರುತ್ತಾರೆ. ಕಾಸುಂಬಲೇಸಾ ಗಡಿಯ ಸಾಲಿನಲ್ಲಿ ಕಾದು, ಜಾಂಬಿಯಾ ದಾಟಿ, ಡರ್ಬನ್ ಅಥವಾ ದಾರ್ ಎಸ್ ಸಲಾಂ ಬಂದರಿನಿಂದ ಅದು ಹೊರಡುವುದು ಬಹುಮಟ್ಟಿಗೆ ಚೀನಾಕ್ಕೆ. ಬ್ಯಾಟರಿಗೆ ಹೊಂದುವಷ್ಟು ಶುದ್ಧೀಕರಿಸುವ ಕಾರ್ಖಾನೆಗಳಲ್ಲಿ ಹೆಚ್ಚಿನವು ಇರುವುದು ಅಲ್ಲಿ. ಹೀಗಾಗಿ ಗಣಿಯವನಿಗೆ ಲೋಹದ ಪೂರ್ತಿ ಬೆಲೆ ಸಿಗುವುದಿಲ್ಲ, ಅದರ ಇಂತಿಷ್ಟು ಪಾಲು ಸಿಗುತ್ತದೆ. ಮಾರುಕಟ್ಟೆ ತುಂಬಿದಾಗ ಆ ಪಾಲು ಅರ್ಧದ ಸಮೀಪಕ್ಕೂ ಇಳಿದಿದೆ. ಲಂಡನ್ ಲೋಹಪೇಟೆಯ ಬೆಲೆಯನ್ನು ಗಣಿಯ ಟನ್ನುಗಳಿಂದ ಗುಣಿಸಿ ‘ಕಂಪನಿಯ ಮೌಲ್ಯ’ ತೋರಿಸುವ ಕೋಷ್ಟಕ ಕೈಗೆ ಬಂದರೆ ಹರಿದು ಹಾಕಿ.

ಇದೆಲ್ಲದರ ಮೇಲೆ ಸರ್ಕಾರ. 2018ರ ಗಣಿ ಸಂಹಿತೆಯಡಿ ಕಾಂಗೋ ಕೋಬಾಲ್ಟ್ ಮೇಲಿನ ರಾಜಧನವನ್ನು ಶೇ 2ರಿಂದ ಶೇ 10ಕ್ಕೆ ಏರಿಸಿತು. 2022ರಲ್ಲಿ ಸಿಎಂಒಸಿಯ ಟೆಂಕೆ ಫುಂಗುರುಮೆ ಗಣಿಯ ರಫ್ತನ್ನೇ ತಡೆಯಿತು. ನಿಕ್ಷೇಪ ಎಷ್ಟಿದೆಯೆಂದು ಕಡಿಮೆ ತೋರಿಸಿ ರಾಜಧನ ತಪ್ಪಿಸಿದ್ದಾರೆ ಎಂಬುದು ಸರ್ಕಾರಿ ಕಂಪನಿ ಜೆಕಾಮಿನ್‌ನ ದೂರು. ಮರುವರ್ಷ 80 ಕೋಟಿ ಡಾಲರ್ ಕೊಡಲು ಸಿಎಂಒಸಿ ಒಪ್ಪಿದ ಮೇಲೆ ದಾರಿ ತೆರೆಯಿತು. 2025ರ ಫೆಬ್ರುವರಿಯಲ್ಲಿ ಇಡೀ ದೇಶದ ಕೋಬಾಲ್ಟ್ ರಫ್ತಿಗೇ ನಿಷೇಧ ಬಂತು. ಅಕ್ಟೋಬರ್‌ನಲ್ಲಿ ನಿಷೇಧ ಹೋಗಿ ಕೋಟಾ ಬಂತು: 2026 ಮತ್ತು 2027ಕ್ಕೆ ವರ್ಷಕ್ಕೆ 96,600 ಟನ್. ಇದು 2024ರ ಉತ್ಪಾದನೆಯ ಅರ್ಧಕ್ಕಿಂತಲೂ ಕಡಿಮೆ. ಬೆಲೆ ಏರಿತು, ಹೌದು. ಆದರೆ ಏರಿಸಿದ್ದು ನಿಮ್ಮ ವಿದ್ಯುತ್ ಕಾರಲ್ಲ, ಕಾಂಗೋದ ರಾಜಧಾನಿ ಕಿನ್ಶಾಸಾದ ಒಂದು ಆದೇಶ. ಇನ್ನೊಂದು ಆದೇಶ ಅದನ್ನು ಇಳಿಸಬಲ್ಲದು. ಕೋಟಾ ಸಿಗದ ಕಂಪನಿಗೆ ಬೆಲೆ ಎಷ್ಟಾದರೇನು? ಚೀಲಗಳು ಗೋದಾಮಿನಲ್ಲೇ ಉಳಿಯುತ್ತವೆ.

ಕಾಂಗೋ ಸರ್ಕಾರ ಹೀಗೆ ಮಾಡಿದ್ದು ಅನ್ಯಾಯವೆಂದು ನಾನು ಹೇಳುವುದಿಲ್ಲ. ತನ್ನ ನೆಲದ ಸಂಪತ್ತು ಕವಡೆ ಬೆಲೆಗೆ ಹೋಗುವುದನ್ನು ಯಾವ ದೇಶ ನೋಡುತ್ತ ಕೂರಬೇಕು? ಆದರೆ ನಿವೃತ್ತಿಯ ಹಣ ಹಿಡಿದು ಬಂದವರು ಆ ಹಗ್ಗಜಗ್ಗಾಟದ ನಡುವೆ ನಿಲ್ಲಬಾರದು.

ಇಷ್ಟಾದರೂ ಹಾಕಲೇಬೇಕು ಎನ್ನುವವರು ಕಂಪನಿಯ ವಾರ್ಷಿಕ ವರದಿ ತೆರೆಯಿರಿ. ಕೋಬಾಲ್ಟ್ ಪುಟ ಬಿಡಿ. ಒಂದು ಪೌಂಡ್ ತಾಮ್ರ ತೆಗೆಯಲು ಎಷ್ಟು ಖರ್ಚಾಗುತ್ತದೆ ನೋಡಿ, ಹೈಡ್ರಾಕ್ಸೈಡ್ ಕೊಳ್ಳುವವರು ಯಾರು ನೋಡಿ, ಕೋಟಾ ಎಷ್ಟು ನೋಡಿ. ಬರೀ ಅನ್ವೇಷಣಾ ಪರವಾನಗಿ ಇಟ್ಟುಕೊಂಡು ಕಾರ್ಖಾನೆಯೇ ಇಲ್ಲದ ಕಂಪನಿಗೆ ನಾನಂತೂ ಒಂದು ರೂಪಾಯಿ ಹಾಕುವುದಿಲ್ಲ, ನನ್ನ ಬಂಧುಗಳಿಗೂ ಹಾಕಲು ಬಿಟ್ಟಿಲ್ಲ.

ಪ್ರಶ್ನೆ: ಚೀನಾ ಆಫ್ರಿಕಾದ ಗಣಿಗಳನ್ನೆಲ್ಲ ಕಸಿದುಕೊಂಡಿದೆಯಲ್ಲ?

ಉತ್ತರ: ಕಸಿದದ್ದಲ್ಲ, ಕೊಂಡದ್ದು. ಟೆಂಕೆ ಫುಂಗುರುಮೆಯನ್ನು 2016ರಲ್ಲಿ 265 ಕೋಟಿ ಡಾಲರಿಗೆ ಮಾರಿದ್ದು ಅಮೆರಿಕದ ಫ್ರೀಪೋರ್ಟ್ ಕಂಪನಿ, ತನ್ನ ಸಾಲ ತೀರಿಸಲು. ಅದೇ ಅಮೆರಿಕ ಈಗ ಕಾಂಗೋ ಗಡಿಯಿಂದ ಅಂಗೋಲಾದ ಲೋಬಿಟೋ ಬಂದರಿಗೆ ಹೋಗುವ ರೈಲು ಮಾರ್ಗಕ್ಕೆ ಸಾಲ ಕೊಡುತ್ತಿದೆ.

ಪ್ರಶ್ನೆ: ಜಾಂಬಿಯಾದ ಕೊಂಕೋಲಾ ತಾಮ್ರದ ಗಣಿ ವೇದಾಂತದ್ದು. ನನ್ನ ಬಳಿ ವೇದಾಂತ ಷೇರು ಇದೆ. ಲಾಭ ಬರುತ್ತದೆಯೇ?

ಉತ್ತರ: ಕೊಂಕೋಲಾ ಇರುವುದು ವೇದಾಂತ ರಿಸೋರ್ಸಸ್ ಎಂಬ ಮೂಲ ಕಂಪನಿಯ ಕೈಯಲ್ಲಿ, ಮುಂಬೈ ಷೇರುಪೇಟೆಯ ವೇದಾಂತ ಲಿಮಿಟೆಡ್ ಕೈಯಲ್ಲಲ್ಲ. 2019ರಲ್ಲಿ ಜಾಂಬಿಯಾ ಸರ್ಕಾರ ಆ ಗಣಿ ಕಂಪನಿಗೆ ಲಿಕ್ವಿಡೇಟರ್ (ಕಂಪನಿಯನ್ನು ಮುಚ್ಚಿ ಸಾಲ ತೀರಿಸುವ ಅಧಿಕಾರಿ) ನೇಮಿಸಿತ್ತು. ಮರಳಿ ಸಿಕ್ಕಿದ್ದು 2024ರಲ್ಲಿ. ಷೇರು ಕೊಳ್ಳುವ ಮುನ್ನ ಕಂಪನಿಯ ಪೂರ್ತಿ ಹೆಸರನ್ನಾದರೂ ಓದಿ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಈಗ ಅದಿರನ್ನು ತಾನೇ ಹುಡುಕುತ್ತದಂತೆ?

ಉತ್ತರ: ಎಲ್ಲಿ ಕೊರೆಯಬೇಕೆಂದು ಹೇಳಲು ನೆರವಾಗುತ್ತದೆ. ಕೊರೆಯುವವರು ಮನುಷ್ಯರೇ, ಖರ್ಚೂ ಹಾಗೆಯೇ ಇದೆ.

ಪ್ರಶ್ನೆ: ಘಾನಾದಲ್ಲಿ ಗಣಿ ಇರುವವರೊಬ್ಬರು ಪೇಟೆಗಿಂತ ಕಡಿಮೆ ಬೆಲೆಗೆ ಚಿನ್ನದ ಪುಡಿ ಕೊಡುತ್ತೇವೆ ಎನ್ನುತ್ತಾರೆ. ಮುಂಗಡ ಕಳಿಸಿದ್ದೇನೆ. ಈಗ ‘ರಫ್ತು ತೆರಿಗೆ’ ಕೇಳುತ್ತಿದ್ದಾರೆ.

ಉತ್ತರ: ಅಂಥ ಗಣಿಯೂ ಇಲ್ಲ, ಪುಡಿಯೂ ಇಲ್ಲ. ಚಿನ್ನಕ್ಕೆ ಲಂಡನ್ ಬೆಲೆಯ ಹತ್ತಿರದ ಬೆಲೆ ಘಾನಾದ ರಾಜಧಾನಿ ಅಕ್ರಾದಲ್ಲೇ ಸಿಗುವಾಗ ಅಪರಿಚಿತರಾದ ನಿಮಗೆ ಯಾರು ಅಗ್ಗವಾಗಿ ಕೊಡುತ್ತಾರೆ? 2025ರ ಮೇ ತಿಂಗಳಿಂದ ಘಾನಾದ ಸ್ಥಳೀಯ ಚಿನ್ನದ ಪೇಟೆಯಲ್ಲಿ ವಿದೇಶಿಯರು ವ್ಯಾಪಾರ ಮಾಡುವಂತೆಯೇ ಇಲ್ಲ. ಕೈಗಣಿಗಾರರ ಚಿನ್ನವನ್ನು ಕೊಂಡು ರಫ್ತು ಮಾಡುವ ಅಧಿಕಾರ ಅಲ್ಲಿನ ಸರ್ಕಾರಿ ಚಿನ್ನ ಮಂಡಳಿಯದು. ‘ತೆರಿಗೆ’ಯ ನಂತರ ‘ವಿಮೆ’ ಕೇಳುತ್ತಾರೆ, ಆಮೇಲೆ ‘ಪರೀಕ್ಷಾ ಶುಲ್ಕ’, ಕೊನೆಗೆ ಬಂದು ನೋಡಿ ಎಂದು ಕರೆಯುತ್ತಾರೆ. ಹೋಗಬೇಡಿ. ಇನ್ನೊಂದು ಕಂತು ಕಳಿಸಬೇಡಿ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ.