ಕೆಲಸ ಬಿಡಿಸಿದ ಮೇಲೆ ಬರುವ ಕಾಗದ

ಓದುಗರ ಪತ್ರ: ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಒಂದೂವರೆ ವರ್ಷದಿಂದ ಸಣ್ಣ ತಿಂಡಿ ಅಂಗಡಿ ನಡೆಸುತ್ತಿದ್ದೇನೆ. ನಾಲ್ಕು ಜನ ಕೆಲಸಕ್ಕಿದ್ದಾರೆ, ಹೆಂಡತಿ ಕೌಂಟರ್ ನೋಡಿಕೊಳ್ಳುತ್ತಾಳೆ. ಏಳು ತಿಂಗಳಿಂದ ಇದ್ದ ಅಡುಗೆ ಹುಡುಗನ ಕೈ ನಿಧಾನ ಅಂತ ಬಿಡಿಸಿದೆ. ಈಗ ಅವನು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದಾನೆಂದು ರಾಜ್ಯದ ಉದ್ಯೋಗ ಇಲಾಖೆಯಾದ ಇಡಿಡಿಯಿಂದ ಕಾಗದ ಬಂದಿದೆ. ‘ಕೆಲಸ ಕಡಿಮೆಯಾಗಿ ಲೇಆಫ್ ಮಾಡಿದರು’ ಎಂದು ಬರೆದಿದ್ದಾನೆ. ಒಬ್ಬ ಸ್ನೇಹಿತರು, ‘ಅದು ಸರ್ಕಾರದ ದುಡ್ಡು, ಕಾಗದ ಬಿಸಾಕು’ ಅನ್ನುತ್ತಾರೆ. ಇನ್ನೊಬ್ಬರು, ‘ಅವನೇ ಬಿಟ್ಟುಹೋದ ಅಂತ ಬರಿ, ಇಲ್ಲದಿದ್ದರೆ ನಿನ್ನ ತೆರಿಗೆ ಏರುತ್ತೆ’ ಅನ್ನುತ್ತಾರೆ. ಅವನ ಸಂಬಳದಲ್ಲಿ ಅವನ ಪಾಲು ಹಿಡಿದು ಕಟ್ಟಿದ್ದೇನೆ. ಇನ್ನು ನಾನು ಮಾಡಬೇಕಾದ್ದು ಏನಾದರೂ ಇದೆಯೇ?

ಸಂಪಾದಕರ ಉತ್ತರ: ಕಾಗದ ಬಿಸಾಕಬೇಡಿ, ಸುಳ್ಳೂ ಬರೆಯಬೇಡಿ. ಇಷ್ಟನ್ನು ನಿಮಗೆ ಆಗಲೇ ಇಮೇಲಿನಲ್ಲಿ ತಿಳಿಸಿದ್ದೇವೆ. ಪತ್ರಿಕೆ ಅಚ್ಚಾಗುವವರೆಗೆ ಕಾದಿದ್ದರೆ ಗಡುವು ಮುಗಿದೇ ಹೋಗುತ್ತಿತ್ತು. ಇದೇ ಪ್ರಶ್ನೆ ಇರುವ ಬೇರೆ ಅಂಗಡಿಯವರಿಗೂ ಆಗಲಿ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ‘ಅವನ ಪಾಲು’ ಅಂದಿರಲ್ಲ, ಅದು. ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ವಿಮೆಗೆ ಕೆಲಸಗಾರನಿಂದ ಒಂದು ಸೆಂಟ್ ಕೂಡ ಹಿಡಿಯುವ ಹಾಗಿಲ್ಲ. ಪೂರ್ತಿ ಮಾಲೀಕನೇ ತೆರಿಗೆಯಾಗಿ ಕಟ್ಟಬೇಕು. ಪೇಸ್ಲಿಪ್ಪಿನಲ್ಲಿ ನೀವು ಹಿಡಿದದ್ದು ಎಸ್‌ಡಿಐ ಇರಬೇಕು. ಅದು ಕಾಯಿಲೆ, ಬಾಣಂತನದಂಥ ಕಾಲಕ್ಕೆ ಬರುವ ಬೇರೆಯೇ ವಿಮೆ. ಊರಲ್ಲಿ ಇಎಸ್‌ಐಗೆ ಮಾಲೀಕ ಶೇ. 3.25, ಕೆಲಸಗಾರ ಶೇ. 0.75 ಕಟ್ಟುವುದನ್ನು ನೋಡಿ ಬಂದ ನಮಗೆ ಎಲ್ಲವೂ ಪಾಲುದಾರಿಕೆ ಅಂತಲೇ ಅನ್ನಿಸುತ್ತದೆ. ಅಮೆರಿಕದಲ್ಲಿ ಕೆಲಸಗಾರನೂ ನಿರುದ್ಯೋಗ ವಿಮೆಗೆ ಕೊಡುವುದು ಅಲಾಸ್ಕಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಈ ಮೂರು ರಾಜ್ಯಗಳಲ್ಲಿ ಮಾತ್ರ. ಎಸ್‌ಡಿಐ ಅಲ್ಲದೆ ಬೇರೇನಾದರೂ ಹಿಡಿದಿದ್ದರೆ ಲೆಕ್ಕ ತೆಗೆಸಿ ವಾಪಸ್ ಕೊಟ್ಟುಬಿಡಿ.

ನಿಮ್ಮ ಜೇಬಿನಿಂದ ಹೋಗುವುದು ಎಷ್ಟು? ಪ್ರತಿಯೊಬ್ಬರ ವರ್ಷದ ಮೊದಲ 7,000 ಡಾಲರ್ ಸಂಬಳದ ಮೇಲೆ ಮಾತ್ರ ತೆರಿಗೆ. ಹೊಸ ಮಾಲೀಕರಿಗೆ ಮೊದಲ ಎರಡು ಮೂರು ವರ್ಷ ದರ ಶೇ. 3.4. ಅಂದರೆ ತಲೆಗೆ ಹೆಚ್ಚೆಂದರೆ 238 ಡಾಲರ್. ಅದರ ಜೊತೆ ತರಬೇತಿ ತೆರಿಗೆ 7 ಡಾಲರ್. ಒಕ್ಕೂಟ ಸರ್ಕಾರದ ತೆರಿಗೆ ಬೇರೆ ಇದೆ. ಅದು ಸಾಮಾನ್ಯವಾಗಿ ತಲೆಗೆ 42 ಡಾಲರ್. ಆದರೆ ಕೋವಿಡ್ ಕಾಲದಲ್ಲಿ ಭತ್ಯೆ ಕೊಡಲು ಆ ಸರ್ಕಾರದಿಂದ ಮಾಡಿದ ಸಾಲವನ್ನು ಕ್ಯಾಲಿಫೋರ್ನಿಯಾ ಇನ್ನೂ ತೀರಿಸದ್ದರಿಂದ 2024ರ ಲೆಕ್ಕಕ್ಕೆ ಅದು 105 ಆಯಿತು. ರಾಜ್ಯದ ಸಾಲ, ತೀರಿಸುವವರು ದೋಸೆ ಅಂಗಡಿಯವರು!

ಇಲ್ಲಿ ಒಂದು ಸೂಕ್ಷ್ಮ ಇದೆ. ಗಂಟೆಗೆ 18 ಡಾಲರಿನಂತೆ ವಾರಕ್ಕೆ 40 ಗಂಟೆ ದುಡಿಯುವವನ ಸಂಬಳ ಹತ್ತು ವಾರದೊಳಗೆ 7,000 ದಾಟುತ್ತದೆ. ಆಮೇಲೆ ವರ್ಷಪೂರ್ತಿ ಅವನ ಮೇಲೆ ಈ ತೆರಿಗೆ ಇಲ್ಲ. ಅವನನ್ನು ಬಿಡಿಸಿ ಇನ್ನೊಬ್ಬನನ್ನು ತಂದರೆ ಸೊನ್ನೆಯಿಂದ ಲೆಕ್ಕ ಶುರು. ಮೂರು ತಿಂಗಳಿಗೊಬ್ಬ ಅಡುಗೆಯವನನ್ನು ಬದಲಿಸುವ ಅಂಗಡಿ ಒಂದೇ ಜಾಗಕ್ಕೆ ನಾಲ್ಕು ಸಲ ತೆರಿಗೆ ಕಟ್ಟುತ್ತದೆ. ‘ಕೈ ನಿಧಾನ’ ಅನ್ನುವ ಮುಂಚೆ ಇದನ್ನೂ ಒಂದು ಸಲ ಯೋಚಿಸಿ.

ಇನ್ನು ಆ ಕಾಗದ. ಕೊನೆಯ ಮಾಲೀಕನಿಗೆ ಬರುವ ಅದರ ಹೆಸರು ಡಿಇ 1101ಸಿಝಡ್. ಉತ್ತರಕ್ಕೆ 10 ದಿನ. ಅದೂ ಕಾಗದದ ಮೇಲೆ ಅಚ್ಚಾದ ದಿನಾಂಕದಿಂದ, ನಿಮ್ಮ ಕೈಗೆ ಸಿಕ್ಕ ದಿನದಿಂದಲ್ಲ. ಬಹಳ ಜನ ಎಡವುವುದು ಇಲ್ಲೇ. ಅವನು ಬರೆದದ್ದು ನಿಜವೇ ಆಗಿದ್ದರೆ ತಕರಾರಿನ ಮಾತಿಲ್ಲ. ನಿಮ್ಮ ವಿಷಯದಲ್ಲಿ ಕಾರಣ ತಪ್ಪಾಗಿದೆ, ಹಾಗಾಗಿ ಸರಿಪಡಿಸಿ. ‘ಇಂಥ ದಿನ ಸೇರಿದ. ಶನಿವಾರ ಬೆಳಗ್ಗಿನ ನೂಕುನುಗ್ಗಲಿಗೆ ದೋಸೆ ಕಾವಲಿ ಹತ್ತಿರ ಅವನ ವೇಗ ಸಾಲುತ್ತಿರಲಿಲ್ಲ. ಇಂಥ ದಿನಗಳಂದು ಹೇಳಿದೆ. ಇಂಥ ದಿನ ನಾನೇ ಬಿಡಿಸಿದೆ.’ ಇಷ್ಟು ಬರೆದು ಸಹಿ ಹಾಕಿದರೆ ಸಾಕು. ಸೋಮಾರಿ, ನಂಬಿಕೆಗೆ ಅರ್ಹನಲ್ಲ ಅಂತೆಲ್ಲ ಬೈಗುಳ ಬೇಡ. ಓದುವವರಿಗೆ ಬೇಕಾದ್ದು ದಿನಾಂಕ ಮತ್ತು ನಡೆದ ಸಂಗತಿ.

ಹೀಗೆ ಬರೆದರೆ ಅವನಿಗೆ ಭತ್ಯೆ ಸಿಗುತ್ತದೆಯೇ? ಬಹುಶಃ ಸಿಗುತ್ತದೆ, ಸಿಗಲಿ ಬಿಡಿ. ಪ್ರಯತ್ನಪಟ್ಟೂ ಕೈ ಓಡದಿರುವುದು ದುರ್ನಡತೆ ಅಲ್ಲ. ಗಲ್ಲಾದಿಂದ ದುಡ್ಡು ತೆಗೆಯುವುದು, ಎಷ್ಟು ಸಲ ಹೇಳಿದರೂ ಬೇಕಂತಲೇ ಬಾರದಿರುವುದು, ಅವು ದುರ್ನಡತೆ. ಭತ್ಯೆ ಅಂದರೂ ವಾರಕ್ಕೆ 40ರಿಂದ 450 ಡಾಲರ್, ಸಾಮಾನ್ಯವಾಗಿ ಹೆಚ್ಚೆಂದರೆ 26 ವಾರ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಾಡಿಗೆ ಗೊತ್ತಿದ್ದವರು ಅದನ್ನು ಐಷಾರಾಮ ಅನ್ನಲಾರರು.

‘ಅವನೇ ಬಿಟ್ಟುಹೋದ’ ಅನ್ನುವ ಸಲಹೆ ಕೊಟ್ಟವರಿಗೆ ಒಂದು ಮಾತು ತಿಳಿಸಿ. ಕೆಲಸ ಹೋದ ಕಾರಣದ ಬಗ್ಗೆ ಬೇಕಂತಲೇ ಸುಳ್ಳು ಹೇಳಿದ ಮಾಲೀಕನಿಗೆ ಆ ಕೆಲಸಗಾರನ ವಾರದ ಭತ್ಯೆಯ ಎರಡರಿಂದ ಹತ್ತು ಪಟ್ಟು ದಂಡ ಹಾಕಬಹುದು. ‘ಭತ್ಯೆ ಕೇಳುವುದಿಲ್ಲ’ ಅಂತ ಮೊದಲೇ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ತೆರಿಗೆ ಏರುತ್ತದೆ ಅನ್ನುವ ಹೆದರಿಕೆ ಪೂರ್ತಿ ಸುಳ್ಳಲ್ಲ. ಕೊಟ್ಟ ಭತ್ಯೆ ಇಡಿಡಿಯಲ್ಲಿರುವ ನಿಮ್ಮ ಖಾತೆಯ ಲೆಕ್ಕಕ್ಕೆ ಬಿದ್ದರೆ, ಹೊಸಬರ ದರದ ಅವಧಿ ಮುಗಿದ ಮೇಲೆ ದರ ಶೇ. 6.2ರವರೆಗೂ ಹೋಗಬಹುದು. ಆದರೆ ಆ ಹೊರೆ ಸುಮಾರು 5ರಿಂದ 18 ತಿಂಗಳ ಹಿಂದೆ ಅವನಿಗೆ ಸಂಬಳ ಕೊಟ್ಟವರೆಲ್ಲರ ನಡುವೆ ಹಂಚಿಹೋಗುತ್ತದೆ. ನಿಮ್ಮಲ್ಲಿ ಇದ್ದದ್ದು ಏಳೇ ತಿಂಗಳು. ಹಿಂದೆ ಬೇರೆ ಕಡೆ ದುಡಿದಿದ್ದರೆ ಜಾಸ್ತಿ ಪಾಲು ಅವರದ್ದೇ. ಯಾರದ್ದೆಷ್ಟು ಅಂತ ತಿಳಿಸಲು ಡಿಇ 1545 ಎಂಬ ಇನ್ನೊಂದು ಕಾಗದ ಬರುತ್ತದೆ. ಅದಕ್ಕೆ 15 ದಿನ. ಕಾಗದ ಬಿಸಾಕಿದವರು ಖಾತೆಯಿಂದ ಹೊರೆ ಇಳಿಸಿಕೊಳ್ಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಉಳಿದದ್ದು ದಿನನಿತ್ಯದ ಬಾಬತ್ತು. ಒಂದು ತ್ರೈಮಾಸಿಕದಲ್ಲಿ 100 ಡಾಲರಿಗಿಂತ ಹೆಚ್ಚು ಸಂಬಳ ಕೊಟ್ಟ 15 ದಿನದೊಳಗೆ ಇಡಿಡಿಯಲ್ಲಿ ನೋಂದಣಿ ಆಗಬೇಕು. ಹೊಸಬ ಸೇರಿದ 20 ದಿನದೊಳಗೆ ವರದಿ ಕೊಡಬೇಕು. ಮೂರು ತಿಂಗಳಿಗೊಮ್ಮೆ ಸಂಬಳ, ತೆರಿಗೆಯ ವರದಿಗಳಾದ ಡಿಇ 9 ಮತ್ತು ಡಿಇ 9ಸಿ ಆನ್‌ಲೈನಿನಲ್ಲೇ ಸಲ್ಲಿಸಬೇಕು. ಕೈಗೆ ಕ್ಯಾಶ್ ಕೊಟ್ಟರೂ ಇವೆಲ್ಲ ತಪ್ಪುವುದಿಲ್ಲ. ‘ಕಾಂಟ್ರಾಕ್ಟರ್’ ಅಂತ ಕರೆದು ಜಾರಿಕೊಳ್ಳಲೂ ಆಗದು. ನಿಮ್ಮ ಅಡುಗೆಮನೆಯಲ್ಲಿ, ನೀವು ಹೇಳಿದ ಹೊತ್ತಿಗೆ, ನಿಮ್ಮದೇ ಹಿಟ್ಟು ಹೊಯ್ಯುವವನು ಸ್ವತಂತ್ರ ಉದ್ಯಮಿ ಹೇಗಾಗುತ್ತಾನೆ?

ನಿಮ್ಮ ಹೆಂಡತಿಯ ವಿಚಾರ. ಅಂಗಡಿ ನಿಮ್ಮೊಬ್ಬರ ಸ್ವಂತ ಹೆಸರಿನಲ್ಲಿದ್ದರೆ ಅವರ ಸಂಬಳಕ್ಕೆ ಈ ತೆರಿಗೆ ಇಲ್ಲ. ಕಾರ್ಪೊರೇಷನ್ ಮಾಡಿಕೊಂಡಿದ್ದರೆ ಆ ರಿಯಾಯಿತಿ ಸಿಗದು. ಅಣ್ಣನ ಮಗ, ಭಾವಮೈದುನ ಇವರಿಗಂತೂ ಯಾವುದರಲ್ಲೂ ರಿಯಾಯಿತಿ ಇಲ್ಲ.

ಕೆಲಸ ಬಿಡಿಸಿದ ದಿನವೇ ಲಿಖಿತ ಸೂಚನೆಯನ್ನೂ ಭತ್ಯೆಯ ಮಾಹಿತಿ ಇರುವ ಡಿಇ 2320 ಎಂಬ ಕಿರುಹೊತ್ತಗೆಯನ್ನೂ ಕೈಗೆ ಕೊಡಬೇಕು, ಕೊನೆಯ ಸಂಬಳವನ್ನೂ ಅವತ್ತೇ ಚುಕ್ತಾ ಮಾಡಬೇಕು. ನಿಮ್ಮ ಪತ್ರದಲ್ಲಿ ಇವುಗಳ ಮಾತೇ ಇಲ್ಲ. ಕೊಟ್ಟಿರದಿದ್ದರೆ ಈ ವಾರವೇ ಕೊಡಿ, ಸಂಬಳ ಮೊದಲು. ಅದು ತಡವಾದಷ್ಟೂ ದಿನಕ್ಕೊಂದು ದಿನದ ಕೂಲಿಯಂತೆ 30 ದಿನದವರೆಗೆ ದಂಡ ಬೆಳೆಯಬಹುದು.